ಕ್ವಾಂಟಮ್ ಹೆಸರಿನ ಸಾಲ ನಮಗೆ ಬೇಡ: ಭೌತಶಾಸ್ತ್ರವನ್ನೂ ಪೂರ್ವದ ದರ್ಶನಗಳನ್ನೂ ಜೋಡಿಸಿ ಮಾತಾಡುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಆಧುನಿಕ ಭೌತಶಾಸ್ತ್ರವನ್ನೂ ಪೂರ್ವದೇಶಗಳ ತತ್ವಚಿಂತನೆ, ವೈದ್ಯಪದ್ಧತಿಗಳನ್ನೂ ಒಟ್ಟಿಗೆ ಸೇರಿಸಿ ಭಾಷಣ ಮಾಡುವವರಿಗೆ, ಪುಸ್ತಕ ಬರೆಯುವವರಿಗೆ, ಆ ಹೆಸರಿನಲ್ಲಿ ಚಿಕಿತ್ಸೆ ಕೊಡುವವರಿಗೆ ಈ ಪತ್ರ. ನಿಮ್ಮನ್ನು ಹೀಗಳೆಯಲು ಬರೆಯುತ್ತಿಲ್ಲ. ಉಪನಿಷತ್ತಿನ ಹೆಸರನ್ನೂ ಭೌತವಿಜ್ಞಾನಿ ಶ್ರೋಡಿಂಗರ್ ಹೆಸರನ್ನೂ ಎಷ್ಟೋ ಜನ ಮೊದಲು ಕೇಳಿದ್ದು ನಿಮ್ಮ ಬಾಯಲ್ಲೇ. ಅವರ ಆಸಕ್ತಿ ನಿಜವಾದದ್ದು. ಆ ಆಸಕ್ತಿಗೆ ತಕ್ಕ ಸರಕು ಅವರಿಗೆ ಸಿಗುತ್ತಿಲ್ಲ ಅನ್ನುವುದೇ ನನ್ನ ದೂರು.

ನಿಮ್ಮ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಎಲ್ಲವೂ ಒಂದೇ ಎಂದು ಹಿಂದಿನವರು ಹೇಳಿದ್ದರು. ಪರಮಾಣು, ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ನಡವಳಿಕೆ ತಿಳಿಸುವ ಕ್ವಾಂಟಮ್ ಭೌತಶಾಸ್ತ್ರವೂ ಈಗ ಅದನ್ನೇ ಹೇಳುತ್ತಿದೆ. ಹಾಗಾಗಿ ಈ ಚಿಕಿತ್ಸೆ ಕೆಲಸ ಮಾಡುತ್ತದೆ. ಮೊದಲನೆಯ ಮಾತನ್ನು ಕೂತು ಚರ್ಚಿಸಬಹುದು. ಎರಡನೆಯದರಲ್ಲಿ ನಿಜ ಸ್ವಲ್ಪ, ಉತ್ಸಾಹ ಜಾಸ್ತಿ. ಮೂರನೆಯದಂತೂ ಮೊದಲೆರಡರಿಂದ ಹುಟ್ಟುವುದೇ ಇಲ್ಲ.

ಮೊದಲು ಇಸವಿಗಳನ್ನು ನೋಡೋಣ. ಭೌತವಿಜ್ಞಾನಿ ನೀಲ್ಸ್ ಬೋರ್ ತಮ್ಮ ಪೂರಕತೆಯ ತತ್ವವನ್ನು (ಅಲೆ, ಕಣ ಎಂಬ ಎರಡು ಚಿತ್ರಗಳು ಒಟ್ಟಿಗೆ ಹೊಂದದಿದ್ದರೂ ಪೂರ್ತಿ ವಿವರಣೆಗೆ ಎರಡೂ ಬೇಕು ಎಂಬುದನ್ನು), ವಿರುದ್ಧವಾದ ಎರಡು ಸೇರಿಯೇ ಜಗತ್ತು ನಡೆಯುತ್ತದೆ ಎನ್ನುವ ಚೀನಾದ ಯಿನ್-ಯಾಂಗ್ ಚಿಂತನೆಯಿಂದ ಪಡೆದರು ಎಂದು ಹೇಳುವುದನ್ನು ಕೇಳಿದ್ದೇನೆ. ಬೋರ್ ಆ ತತ್ವವನ್ನು ಇಟಲಿಯ ಕೋಮೋದಲ್ಲಿ ಮಂಡಿಸಿದ್ದು 1927ರಲ್ಲಿ. ಅವರು ಚೀನಾಕ್ಕೆ ಹೋದದ್ದು 1937ರಲ್ಲಿ. ಡೆನ್ಮಾರ್ಕ್ ದೊರೆಯಿಂದ ದೊಡ್ಡ ಗೌರವ ಬಂದು, ತಮ್ಮ ಲಾಂಛನಕ್ಕೆ ಯಿನ್-ಯಾಂಗ್ ಚಿಹ್ನೆ ಆರಿಸಿಕೊಂಡದ್ದು 1947ರಲ್ಲಿ. ವಿರುದ್ಧವಾದವು ಒಂದಕ್ಕೊಂದು ಪೂರಕ ಎಂದು ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದರು. ಹೈಸನ್‌ಬರ್ಗ್ ಕತೆಯೂ ಹೀಗೇ. ಕಣದ ಜಾಗ, ವೇಗ ಎರಡನ್ನೂ ಒಟ್ಟಿಗೆ ಖಚಿತವಾಗಿ ಹೇಳಲಾಗದು ಎಂಬ ಅವರ ಅನಿಶ್ಚಿತತೆಯ ತತ್ವ ಬಂದದ್ದು 1927ರಲ್ಲಿ. ಅವರು ಭಾರತಕ್ಕೆ ಬಂದು ರವೀಂದ್ರನಾಥ ಟ್ಯಾಗೋರರನ್ನು ಕಂಡದ್ದು 1929ರಲ್ಲಿ. ಹಾಗಾಗಿ ಟ್ಯಾಗೋರರ ಮಾತು ಕೇಳಿ ಅನಿಶ್ಚಿತತೆ ಹೊಳೆಯಿತು ಎನ್ನುವ ಕತೆ ನಿಲ್ಲುವುದಿಲ್ಲ.

ಇವರು ತಮ್ಮ ಲೆಕ್ಕ, ತಮ್ಮ ಪ್ರಯೋಗಗಳ ದಾರಿಯಲ್ಲೇ ನಡೆದು ವಿಚಿತ್ರವಾದ ಜಾಗವೊಂದಕ್ಕೆ ಬಂದು ನಿಂತರು. ಅಲ್ಲಿಂದ ಸುತ್ತ ನೋಡಿದಾಗ, ಇಂಥ ವಿಚಿತ್ರಕ್ಕೆ ಹೆದರದ ಚಿಂತನೆ ಪೂರ್ವದಲ್ಲಿ ಇದೆ ಎಂದು ಅವರಿಗೆ ಕಂಡಿತು. ಇದೇ ದೊಡ್ಡ ಸಂಗತಿ ಅಲ್ವಾ? ಇದನ್ನು ಹಿಗ್ಗಿಸಿ ಹೇಳುವ ಅಗತ್ಯ ಏನಿದೆ?

ಶ್ರೋಡಿಂಗರ್ ವಿಷಯ ಬೇರೆ. ಅವರು ವೇದಾಂತ ಓದಿದ್ದು ಮೊದಲೇ. 1925ರಲ್ಲಿ ತಮ್ಮ ಲೋಕದೃಷ್ಟಿಯ ಬಗ್ಗೆ ಒಂದು ಪ್ರಬಂಧ ಬರೆದರು. ಪ್ರಜ್ಞೆ ಹಲವಲ್ಲ, ಒಂದೇ ಎಂಬ ವೇದಾಂತದ ನಿಲುವನ್ನು ಅದರಲ್ಲಿ ಮನಸಾರೆ ಒಪ್ಪಿಕೊಂಡಿದ್ದಾರೆ. ಕೆಲವೇ ತಿಂಗಳಲ್ಲಿ, 1926ರ ಆರಂಭದಲ್ಲಿ, ಕಣಗಳನ್ನು ಅಲೆಗಳಾಗಿ ಲೆಕ್ಕಹಾಕುವ, ಅವರ ಹೆಸರಿನ ಅಲೆಯ ಸಮೀಕರಣ ಬಂತು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅವರು ಅದೇ ಪ್ರಬಂಧಕ್ಕೆ 1960ರಲ್ಲಿ ಇನ್ನೊಂದು ಭಾಗ ಸೇರಿಸಿ ಪುಸ್ತಕ ಮಾಡುವಾಗ ಮುನ್ನುಡಿಯಲ್ಲಿ ಏನು ಹೇಳಿದ್ದಾರೆ ನೋಡಿ. ಈ ಪುಸ್ತಕದಲ್ಲಿ ಅಲೆಯ ಸಿದ್ಧಾಂತವಾಗಲಿ, ಅನಿಶ್ಚಿತತೆಯಾಗಲಿ ಯಾಕೆ ಬಂದಿಲ್ಲ ಎಂದು ಓದುಗರು ಕೇಳಬಹುದು; ಜನ ಅಂದುಕೊಂಡಷ್ಟು ಸಂಬಂಧ ಅವಕ್ಕೂ ಲೋಕದೃಷ್ಟಿಗೂ ಇಲ್ಲ ಎಂಬುದೇ ಅದಕ್ಕೆ ಕಾರಣ, ಎಂಬ ಅರ್ಥದ ಮಾತು ಅದು. ವೇದಾಂತವನ್ನು ಜೀವನಪೂರ್ತಿ ಪ್ರೀತಿಸಿದ, ಕ್ವಾಂಟಮ್ ಸಿದ್ಧಾಂತವನ್ನು ಕಟ್ಟಿದವರಲ್ಲೇ ಒಬ್ಬರಾದ ಮನುಷ್ಯನ ಮಾತಿದು. ನಿಮ್ಮ ಭಾಷಣಗಳಲ್ಲಿ ಅವರ ಹೆಸರು ಎಷ್ಟು ಸಲ ಬರುತ್ತದೆ! ಈ ಮಾತು ಮಾತ್ರ ಬರುವುದಿಲ್ಲ.

ಅವರದೇ ಇನ್ನೊಂದು ಮಾತು ನನಗೆ ತುಂಬ ಇಷ್ಟ. 1956ರ ಕೇಂಬ್ರಿಜ್ ಉಪನ್ಯಾಸಗಳಿಗಾಗಿ ಬರೆದದ್ದು. ಪಶ್ಚಿಮದ ವಿಜ್ಞಾನಕ್ಕೆ ಪೂರ್ವದ ಚಿಂತನೆಯಿಂದ ಸ್ವಲ್ಪ ರಕ್ತ ಕೊಡಿಸಬೇಕಾಗಿದೆ ಎನ್ನುತ್ತಾರೆ. ಅದರ ಬೆನ್ನಿಗೇ ಎಚ್ಚರಿಕೆಯನ್ನೂ ಕೊಡುತ್ತಾರೆ: ರಕ್ತ ಕೊಡುವಾಗ ಅದು ಹೆಪ್ಪುಗಟ್ಟದಂತೆ ಬಹಳ ಜಾಗ್ರತೆ ಬೇಕು, ನಮ್ಮ ವಿಜ್ಞಾನ ಗಳಿಸಿರುವ ತರ್ಕದ ಖಚಿತತೆಯನ್ನು ಕಳೆದುಕೊಳ್ಳಬಾರದು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಿದಾಗಲೇ ಅವರಿಗೆ ನ್ಯಾಯ.

ಈಗ ನೋಡುಗನ ವಿಷಯಕ್ಕೆ ಬರುತ್ತೇನೆ. ಎಲ್ಲ ತಪ್ಪುಗಳ ಬೇರು ಇಲ್ಲೇ ಇದೆ. ಎಲೆಕ್ಟ್ರಾನನ್ನು ನೋಡಿದರೆ ಅದರ ನಡವಳಿಕೆ ಬದಲಾಗುತ್ತದೆ, ಆದ್ದರಿಂದ ಮನಸ್ಸೇ ವಾಸ್ತವವನ್ನು ರೂಪಿಸುತ್ತದೆ, ಆದ್ದರಿಂದ ಮನಸ್ಸು ಸರಿಯಾಗಿದ್ದರೆ ದೇಹವೂ ಸರಿಹೋಗುತ್ತದೆ ಎನ್ನುತ್ತೀರಿ. ಈ ಸರಪಳಿಯ ಮೊದಲ ಕೊಂಡಿಯನ್ನೇ ಹತ್ತಿರದಿಂದ ನೋಡೋಣ.

1999ರಲ್ಲಿ ವಿಯೆನ್ನಾದ ವಿಜ್ಞಾನಿಗಳು 60 ಇಂಗಾಲದ ಪರಮಾಣುಗಳು ಸೇರಿ ಆದ ಅಣುಗಳನ್ನು ಸಣ್ಣ ಸಣ್ಣ ಸೀಳುಗಳ ಮೂಲಕ ಹಾಯಿಸಿದರು. ಅಷ್ಟು ದೊಡ್ಡ ಅಣುಗಳೂ ಅಲೆಗಳ ಹಾಗೆ ನಡೆದುಕೊಂಡು ಪಟ್ಟೆಪಟ್ಟೆಯ ವಿನ್ಯಾಸ ಮೂಡಿಸಿದವು. 2004ರಲ್ಲಿ ಅಲ್ಲಿಯದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ಈ ಸಲ 70 ಇಂಗಾಲದ ಪರಮಾಣುಗಳು ಸೇರಿ ಆದ ಅಣುಗಳು. ಅವು ಸೀಳು ತಲುಪುವ ಮೊದಲು ಲೇಸರ್‌ನಿಂದ ಅವನ್ನು ಕಾಯಿಸಿದರು. ಕಾದ ಅಣು ಹೋಗುತ್ತಾ ಹೋಗುತ್ತಾ ಬೆಳಕಿನ ಕಣಗಳನ್ನು ಹೊರಗೆ ಬಿಡುತ್ತದೆ. ಆ ಬೆಳಕು ಅಣು ಯಾವ ದಾರಿಯಲ್ಲಿದೆ ಎಂಬ ಸುದ್ದಿಯನ್ನು ಸುತ್ತಲಿನ ಜಗತ್ತಿಗೆ ಒಯ್ಯುತ್ತದೆ. ಬಿಸಿ ಏರಿದಂತೆಲ್ಲ ಪಟ್ಟೆಗಳು ಮಸುಕಾಗುತ್ತಾ ಹೋದವು, ಕೊನೆಗೆ ಅಳಿಸಿಹೋದವು. ಅಂದರೆ ಅಲೆಯ ನಡವಳಿಕೆ ಹೋಯಿತು. ಆ ಬೆಳಕನ್ನು ಯಾರೂ ನೋಡಲಿಲ್ಲ. ಯಾರೂ ಬರೆದುಕೊಳ್ಳಲಿಲ್ಲ. ಯಾರ ಮನಸ್ಸೂ ಅಲ್ಲಿ ಬೇಕಾಗಲಿಲ್ಲ. ದಾರಿಯ ಸುದ್ದಿ ಹೊರಗೆ ಸೋರಿದ್ದೇ ಸಾಕಾಯಿತು.

ಪ್ರಜ್ಞೆಗೂ ಅಳತೆಗೂ ಸಂಬಂಧವಿದೆ ಎಂಬ ವಿಚಾರವನ್ನು ದೊಡ್ಡ ಭೌತವಿಜ್ಞಾನಿಗಳೇ ಎತ್ತಿದ್ದರು, ನಿಜ. ಯುಜೀನ್ ವಿಗ್ನರ್ 1961ರಲ್ಲಿ ಅದನ್ನು ಗಟ್ಟಿಯಾಗಿ ವಾದಿಸಿದರು. ಆಮೇಲೆ ಅವರೇ ಅದರಿಂದ ಹಿಂದೆ ಸರಿದರು. ಸುತ್ತಲಿನ ಪರಿಸರ ಒಂದು ವಸ್ತುವಿನ ಕ್ವಾಂಟಮ್ ಗುಣವನ್ನು ಹೇಗೆ ಮರೆಮಾಡುತ್ತದೆ ಎಂಬ ಕೆಲಸ 1970ರಿಂದ ಈಚೆಗೆ ಬೆಳೆದದ್ದು ಇದಕ್ಕೆ ಒಂದು ಕಾರಣ. ಅಳೆದಾಗ ಹಲವು ಸಾಧ್ಯತೆಗಳಲ್ಲಿ ಒಂದೇ ಯಾಕೆ ಕಾಣುತ್ತದೆ ಎಂಬ ಅಳತೆಯ ಸಮಸ್ಯೆ ಪೂರ್ತಿ ಬಗೆಹರಿದಿದೆ ಎಂದು ನಾನು ಹೇಳುತ್ತಿಲ್ಲ. ಅದರ ಸುತ್ತ ಇಂದಿಗೂ ಜಗಳವಿದೆ. ಆದರೆ ಬಗೆಹರಿಯದ ಪ್ರಶ್ನೆಯೊಂದನ್ನು ಔಷಧಿಯ ಬಾಟಲಿಯ ಮೇಲೆ ಉತ್ತರದ ಹಾಗೆ ಅಂಟಿಸಬಾರದು.

ಎಷ್ಟೇ ದೂರವಿದ್ದರೂ ಅಳತೆಯ ಫಲಗಳು ಒಂದಕ್ಕೊಂದು ತಾಳೆಯಾಗುವ, ಹೆಣೆದುಕೊಂಡ ಕಣಗಳ ಹೆಸರಿನಲ್ಲಿ ದೂರದಿಂದಲೇ ಚಿಕಿತ್ಸೆ ಕೊಡುವವರಿಗೂ ಒಂದು ಮಾತು. ಈ ವಿದ್ಯಮಾನ ನೂರಕ್ಕೆ ನೂರು ನಿಜ. 1964ರಲ್ಲಿ ಜಾನ್ ಬೆಲ್ ಅದನ್ನು ಪರೀಕ್ಷಿಸುವ ದಾರಿ ತೋರಿಸಿದರು. ಅದರ ಪ್ರಯೋಗಗಳಿಗೆ 2022ರಲ್ಲಿ ಅಲೈನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ ನೊಬೆಲ್ ಬಂತು. ಆದರೆ ಹಾಗೆ ಹೆಣೆದುಕೊಂಡ ಕಣಗಳಿಂದ ಒಂದು ಅಕ್ಷರದ ಸಂದೇಶವನ್ನೂ ಆ ಕಡೆಗೆ ಕಳಿಸಲಾಗದು ಎಂದು ಅದೇ ಸಿದ್ಧಾಂತ ಸಾಧಿಸಿ ತೋರಿಸುತ್ತದೆ. ಅಕ್ಷರವೇ ಹೋಗದ ದಾರಿಯಲ್ಲಿ ಆರೋಗ್ಯ ಹೋಗುವುದು ಹೇಗೆ?

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಶಾಸ್ತ್ರದ ಶುದ್ಧತೆಯೊಂದೇ ಅಲ್ಲ. ಮನಸ್ಸೇ ದೇಹವನ್ನು ರೂಪಿಸುತ್ತದೆ ಎಂದು ಒಬ್ಬ ರೋಗಿಗೆ ನಂಬಿಸಿದಿರಿ ಎಂದಿಟ್ಟುಕೊಳ್ಳಿ. ಕಾಯಿಲೆ ವಾಸಿಯಾಗಲಿಲ್ಲ. ಆಗ ತಪ್ಪು ಯಾರದಾಗುತ್ತದೆ? ಅವರ ಮನಸ್ಸಿನದು. ನನ್ನ ಯೋಚನೆಯೇ ಸರಿಯಿರಲಿಲ್ಲ, ನನ್ನ ನಂಬಿಕೆಯೇ ಸಾಲಲಿಲ್ಲ ಎಂದು ನೋವಿನ ಮೇಲೆ ಇನ್ನೊಂದು ನೋವು. ಗೆಡ್ಡೆ ಬೆಳೆಯುತ್ತಿರುವಾಗ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಾ ಕೂರುವಂತೆ ಮಾಡುವುದು ಕ್ರೂರ. ಹಾಗೆ ಕಳೆದ ಸಮಯ ತಿರುಗಿ ಬರುವುದಿಲ್ಲ. ಒತ್ತಡ, ನಿದ್ದೆ, ಧೈರ್ಯ ಇವೆಲ್ಲ ದೇಹದ ಮೇಲೆ ಪರಿಣಾಮ ಬೀರುತ್ತವೆ, ಒಪ್ಪುತ್ತೇನೆ. ಅದು ನರ, ಹಾರ್ಮೋನು, ರೋಗನಿರೋಧಕ ಶಕ್ತಿಯ ಮೂಲಕ ನಡೆಯುವ ಕೆಲಸ. ಅದಕ್ಕೆ ಎಲೆಕ್ಟ್ರಾನಿನ ಸಾಕ್ಷಿ ಬೇಕಿಲ್ಲ.

ಬೇರೆಯವರ ಹೆಸರಿನಲ್ಲಿ ಬೆಲೆ ಪಡೆಯುವ ಈ ಕೆಲಸವನ್ನು ನಮ್ಮ ಹಳೆಯ ವೈದ್ಯಗ್ರಂಥವೇ ಗುರುತಿಸಿದೆ. ಚರಕಸಂಹಿತೆಯ ಸೂತ್ರಸ್ಥಾನದ 11ನೇ ಅಧ್ಯಾಯ ಮೂರು ಬಗೆಯ ವೈದ್ಯರನ್ನು ಹೇಳುತ್ತದೆ. ವೈದ್ಯನ ಪಾತ್ರೆ, ಔಷಧಿಗಳನ್ನು ತೋರಿಸಿ ವೈದ್ಯನೆನಿಸಿಕೊಳ್ಳುವ ವೇಷಧಾರಿ ಒಬ್ಬ. ಸಂಪತ್ತು, ಕೀರ್ತಿ, ಜ್ಞಾನ ಇರುವವರ ಹೆಸರು ಹೇಳಿಕೊಂಡು, ತನ್ನಲ್ಲಿ ಅದಾವುದೂ ಇಲ್ಲದೆಯೇ ವೈದ್ಯನೆನಿಸಿಕೊಳ್ಳುವವನು ಇನ್ನೊಬ್ಬ. ಅವನನ್ನು ಸಿದ್ಧಸಾಧಿತ ಎಂದು ಕರೆದಿದ್ದಾರೆ. ನಿಜವಾಗಿ ಬಲ್ಲ ವೈದ್ಯ ಮೂರನೆಯವನು. ಕ್ವಾಂಟಮ್ ಹೆಸರು ಹೇಳಿ ಮಾರುವ ಚಿಕಿತ್ಸೆ ಈ ಮೂರರಲ್ಲಿ ಎಲ್ಲಿಗೆ ಸೇರುತ್ತದೆ ಎಂದು ನೀವೇ ನೋಡಿ. ಅದೇ ಅಧ್ಯಾಯ, ಒಂದು ಮಾತನ್ನು ಪರೀಕ್ಷಿಸಲು ನಾಲ್ಕು ದಾರಿ ಕೊಡುತ್ತದೆ: ಬಲ್ಲವರ ಮಾತು, ಕಣ್ಣಾರೆ ಕಂಡದ್ದು, ಊಹೆ, ಯುಕ್ತಿ. ಯುಕ್ತಿ ಎಂದರೆ ಹಲವು ಕಾರಣಗಳು ಕೂಡಿ ಒಂದು ಫಲ ಬರುವುದನ್ನು ಕಾಣುವ ಬುದ್ಧಿ. ನೀರು, ಉಳುಮೆ, ಬೀಜ, ಕಾಲ ಕೂಡಿದರೆ ಬೆಳೆ ಎಂಬುದು ಅದು ಕೊಡುವ ಉದಾಹರಣೆ.

ಸುಶ್ರುತಸಂಹಿತೆಯಂತೂ ಶವವನ್ನು ನೋಡಿ ಕಲಿಯುವ ಕ್ರಮವನ್ನೇ ಹೇಳುತ್ತದೆ. ದೇಹವನ್ನು ಹುಲ್ಲು, ನಾರಿನಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನೀರಿನಲ್ಲಿ ಮುಳುಗಿಸಬೇಕು. ಏಳು ರಾತ್ರಿ ಕಳೆದ ಮೇಲೆ ತೆಗೆದು, ಲಾವಂಚ, ಕೂದಲು ಅಥವಾ ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ, ಚರ್ಮದಿಂದ ಮೊದಲಾಗಿ ಒಂದೊಂದು ಭಾಗವನ್ನೂ ಕಣ್ಣಾರೆ ನೋಡಬೇಕು. ಕಂಡದ್ದು, ಶಾಸ್ತ್ರದಲ್ಲಿ ಓದಿದ್ದು ಎರಡೂ ಸೇರಿದರೆ ಜ್ಞಾನ ಬೆಳೆಯುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಕೊಳೆತ ದೇಹದ ಮುಂದೆ ಕೂತು ಕುಂಚ ಹಿಡಿದವರ ಪರಂಪರೆ ಇದು. ಇದಕ್ಕೆ ಪರೀಕ್ಷೆಯ ಭಯ ಇರಲಿಲ್ಲ. ಇದರ ಹೆಸರು ಹೇಳುವ ನಮಗೆ ಯಾಕಿರಬೇಕು?

ಪರೀಕ್ಷೆಗೆ ಒಡ್ಡಿದರೆ ಹಳೆಯ ಗ್ರಂಥದಿಂದ ಏನು ಸಿಗಬಹುದು ಎಂಬುದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸ ನೋಡಿ. ಮಲೇರಿಯಾಕ್ಕೆ ಔಷಧಿ ಹುಡುಕುವ ಚೀನಾದ ಯೋಜನೆ 1967ರಲ್ಲಿ ಶುರುವಾಯಿತು. ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿದ ಅವರ ತಂಡ ಚಿಂಗ್‌ಹಾವ್ ಎಂಬ ಗಿಡಕ್ಕೆ ಬಂದು ನಿಂತಿತು. ಮೊದಮೊದಲು ಫಲ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟ ಒಂದು ಸಾಲನ್ನು ಅವರು ಮತ್ತೆ ಓದಿದರು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಬಿಸಿಯಲ್ಲಿ ಸತ್ವ ಹಾಳಾಗುತ್ತಿರಬಹುದು ಎಂದು ಹೊಳೆಯಿತು. ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಎಂಬ ದ್ರವ ಬಳಸಿ ಸತ್ವ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸತ್ವ ಇಲಿಗಳಲ್ಲಿನ ಮಲೇರಿಯಾವನ್ನು ಪೂರ್ತಿ ತಡೆಯಿತು. ರೋಗಿಗಳಿಗೆ ಕೊಡುವ ಮುಂಚೆ ತು ಮತ್ತು ಸಹೋದ್ಯೋಗಿಗಳು ತಾವೇ ಸೇವಿಸಿ ನೋಡಿದರು. 2015ರಲ್ಲಿ ನೊಬೆಲ್ ಬಂತು.

ಇಲ್ಲಿ ಗೆದ್ದದ್ದು ಏನು? ಒಬ್ಬ ವೈದ್ಯ ನೋಡಿ, ಮಾಡಿ, ಬರೆದಿಟ್ಟ ಒಂದು ಸಾಲು. ಅದನ್ನು ಗೌರವದಿಂದ ಓದಿ, ಅನುಮಾನದಿಂದ ಪರೀಕ್ಷಿಸಿದ ಒಬ್ಬ ವಿಜ್ಞಾನಿ. ಇದರಲ್ಲಿ ಯಿನ್-ಯಾಂಗ್ ಸಿದ್ಧಾಂತಕ್ಕಾಗಲಿ ಕ್ವಾಂಟಮ್‌ಗಾಗಲಿ ಕೆಲಸವೇ ಇರಲಿಲ್ಲ. ಸರ್ಪಗಂಧ ಎಂಬ ಗಿಡದ ಕತೆಯೂ ಇಂಥದ್ದೇ. ವೈದ್ಯ ರುಸ್ತುಂ ಜಲ್ ವಕೀಲ್ ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ಫಲಿತಾಂಶವನ್ನು 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದರು. ಅದಕ್ಕೆ ಅಡ್ಡಪರಿಣಾಮಗಳಿವೆ ಎಂಬುದೂ ಬೆಳಕಿಗೆ ಬಂತು.

ಕ್ವಾಂಟಮ್ ಭೌತಶಾಸ್ತ್ರ ನಿಜವಾಗಿಯೂ ವೈದ್ಯಕ್ಕೆ ಬಂದಿರುವುದು ಎಲ್ಲಿ ಗೊತ್ತಾ? ಎಂ.ಆರ್.ಐ. ಯಂತ್ರದೊಳಗೆ. ಅಲ್ಲಿ ಮಲಗಿದವರ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ನಡುವಿನ ಬೀಜಗಳು (ನ್ಯೂಕ್ಲಿಯಸ್) 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸಲದ ಲಯಕ್ಕೆ ಓಗೊಡುತ್ತವೆ. ಪೆಟ್ ಸ್ಕ್ಯಾನಿನಲ್ಲಿ ಎಲೆಕ್ಟ್ರಾನಿನ ಪ್ರತಿಕಣವೇ ದೇಹದೊಳಗೆ ಹುಟ್ಟಿ, ಎಲೆಕ್ಟ್ರಾನಿಗೆ ಸಿಕ್ಕಿ ಇಲ್ಲವಾಗಿ, ಎರಡು ಬೆಳಕಿನ ಕಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಅವನ್ನು ಹಿಡಿದು ಕಾಯಿಲೆಯ ಜಾಗ ಗುರುತಿಸುತ್ತಾರೆ. ಕ್ವಾಂಟಮ್ ವೈದ್ಯ ಎಂದು ಹೇಳಲೇಬೇಕಾದರೆ ಇದನ್ನು ಹೇಳಿ.

ಹಾಗಾದರೆ ಭೌತಶಾಸ್ತ್ರಕ್ಕೂ ನಮ್ಮ ದರ್ಶನಗಳಿಗೂ ಸಂಬಂಧವೇ ಇಲ್ಲವೇ? ಇದೆ. ನೀವು ಹೇಳುವುದಕ್ಕಿಂತ ಆಳವಾಗಿಯೇ ಇದೆ. ನೀವು ಕೈಹಾಕದೆ ಬಿಟ್ಟ ಜಾಗದಲ್ಲಿದೆ.

ವೈಶೇಷಿಕ ದರ್ಶನವನ್ನು ಕಟ್ಟಿದ ಕಣಾದರ ಹೆಸರನ್ನು ನೀವು ತಪ್ಪದೆ ಹೇಳುತ್ತೀರಿ. ಪರಮಾಣುವನ್ನು ಮೊದಲು ಹೇಳಿದವರು ಎಂದು. ವೈಶೇಷಿಕರ ಪರಮಾಣುವಿಗೂ ಇಂದಿನ ಪರಮಾಣುವಿಗೂ ಹೋಲಿಕೆ ಕಡಿಮೆ. ಅವರ ಪ್ರಕಾರ ಭೂಮಿಯ ಪರಮಾಣುವಿಗೆ ವಾಸನೆ ವಿಶೇಷ ಗುಣ. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಬಿಸಿಲುಕೋಲಿನಲ್ಲಿ ತೇಲುವ ದೂಳಿನ ಕಣವೇ ಆ ತ್ರ್ಯಣುಕ. ಅಂದರೆ ಅದರಲ್ಲಿ ಆರು ಪರಮಾಣು. ಇಂದಿನ ಲೆಕ್ಕದಲ್ಲಿ ಅಂಥ ಒಂದು ಕಣದಲ್ಲಿ ಲಕ್ಷಾಂತರ ಕೋಟಿ ಪರಮಾಣುಗಳಿರುತ್ತವೆ. ಈ ಹೋಲಿಕೆಯನ್ನೇ ಹಿಡಿದು ಹೊರಟರೆ ಕಣಾದರು ಸೋಲುತ್ತಾರೆ. ಅವರನ್ನು ಸುಮ್ನೆ ಸೋಲಿಸುವುದು ಯಾಕೆ?

ಅವರ ದರ್ಶನದ ನಿಜವಾದ ಸಾಹಸ ಬೇರೆ ಕಡೆ ಇದೆ. ಒಂದೇ ಜಾತಿಯ ಎರಡು ಪರಮಾಣುಗಳು ಎಲ್ಲ ಗುಣಗಳಲ್ಲೂ ಒಂದೇ ಥರ ಇದ್ದರೆ, ಅವು ಎರಡು ಎಂದು ಹೇಳುವುದು ಹೇಗೆ? ಪ್ರತಿ ಪರಮಾಣುವಿನಲ್ಲೂ ಅದಕ್ಕಷ್ಟೇ ಸೇರಿದ ‘ವಿಶೇಷ’ ಒಂದಿದೆ ಎಂದು ಅವರು ಉತ್ತರ ಕೊಟ್ಟರು. ಆ ದರ್ಶನಕ್ಕೆ ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ. ಆ ದರ್ಶನಕ್ಕೆ ಭಾಷ್ಯ ಬರೆದ ಪ್ರಶಸ್ತಪಾದರು ಮುಂದುವರಿದು, ಯೋಗಿಯಾದವನು ಆ ವಿಶೇಷದ ಬಲದಿಂದಲೇ ಇದು ಅದೇ ಪರಮಾಣು, ಇದು ಬೇರೆ ಎಂದು ಗುರುತಿಸುತ್ತಾನೆ ಎಂದರು.

ಈಗ 1924ಕ್ಕೆ ಬನ್ನಿ. ಢಾಕಾದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಹೊಸ ರೀತಿಯಲ್ಲಿ ಎಣಿಸಿದರು. ಯಾವ ಕಣ ಯಾವ ಖಾನೆಯಲ್ಲಿದೆ ಎಂದು ಕೇಳಲಿಲ್ಲ. ಯಾವ ಖಾನೆಯಲ್ಲಿ ಎಷ್ಟಿವೆ ಎಂದಷ್ಟೇ ಕೇಳಿದರು. ಎರಡು ಕಣ, ಎರಡು ಖಾನೆ ಎಂದುಕೊಳ್ಳಿ. ಕಣಗಳಿಗೆ ಒಂದೊಂದು ಗುರುತು ಇದ್ದರೆ ಹಂಚುವ ಬಗೆ 4. ಗುರುತೇ ಇಲ್ಲದಿದ್ದರೆ 3. ಎರಡೂ ಒಂದೇ ಖಾನೆಯಲ್ಲಿ ಸಿಗುವ ಸಾಧ್ಯತೆ ಮೊದಲ ಲೆಕ್ಕದಲ್ಲಿ ನಾಲ್ಕರಲ್ಲಿ ಎರಡು, ಬೋಸರ ಲೆಕ್ಕದಲ್ಲಿ ಮೂರರಲ್ಲಿ ಎರಡು. ಹೀಗೆ ಎಣಿಸಿದಾಗ ಕಾದ ವಸ್ತು ಸೂಸುವ ಬೆಳಕಿಗೆ 1900ರಲ್ಲಿ ಭೌತವಿಜ್ಞಾನಿ ಪ್ಲಾಂಕ್ ಕೊಟ್ಟಿದ್ದ ಸೂತ್ರ ನೇರವಾಗಿ ಬಂತು. ಐನ್‌ಸ್ಟೈನ್ ತಾವೇ ಆ ಬರಹವನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು. ಆ ಎಣಿಕೆಯಿಂದ ಊಹಿಸಿದ್ದ ದ್ರವ್ಯದ ಹೊಸ ಸ್ಥಿತಿ 1995ರಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕಿತು. ಅಂದರೆ ನಿಸರ್ಗ ಎಣಿಸುವುದು ಕಣಗಳಿಗೆ ತಮ್ಮದೇ ‘ವಿಶೇಷ’ ಇಲ್ಲವೇನೋ ಎಂಬಂತೆ.

ನೋಡಿ, ಇಲ್ಲಿ ನಮ್ಮ ಹಳೆಯ ದರ್ಶನವೂ ಹೊಸ ಭೌತಶಾಸ್ತ್ರವೂ ಒಂದೇ ಪ್ರಶ್ನೆಯ ಎರಡು ಕಡೆ ನಿಂತಿವೆ. ಒಪ್ಪಿಗೆಯಲ್ಲ, ಭಿನ್ನಾಭಿಪ್ರಾಯ. ನಮ್ಮೊಳಗೇ ಈ ಜಗಳ ಮೊದಲಿನಿಂದ ಇತ್ತು. ಬಂಗಾಳದ ನವದ್ವೀಪದ ತಾರ್ಕಿಕ ರಘುನಾಥ ಶಿರೋಮಣಿ, ಬೋಸರಿಗೆ ನಾನೂರು ವರ್ಷ ಮೊದಲೇ, ‘ವಿಶೇಷ’ ಎಂಬ ಪ್ರತ್ಯೇಕ ಪದಾರ್ಥವೇ (ಇರುವುದರ ಒಂದು ಬಗೆಯೇ) ಬೇಡ ಎಂದು ವಾದಿಸಿದ್ದರು. ವಿಶೇಷಗಳು ತಮ್ಮಷ್ಟಕ್ಕೆ ತಾವೇ ಬೇರೆಬೇರೆ ಆಗಿರಬಹುದಾದರೆ ಪರಮಾಣುಗಳೇ ಯಾಕೆ ಹಾಗಿರಬಾರದು ಎಂಬುದು ವಾದದ ತಿರುಳು. ಎಂಥ ತೀಕ್ಷ್ಣ ಪ್ರಶ್ನೆ! ಇದನ್ನು ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ.

ಬೌದ್ಧ ದಾರ್ಶನಿಕ ನಾಗಾರ್ಜುನರ ಬಗ್ಗೆಯೂ ಒಂದು ಮಾತು. ಯಾವ ವಸ್ತುವಿಗೂ ತನ್ನಷ್ಟಕ್ಕೇ ಇರುವ ಸ್ವಭಾವ ಇಲ್ಲ, ಇರುವುದೆಲ್ಲ ಇನ್ನೊಂದನ್ನು ಆಧರಿಸಿಯೇ ಎಂದರು ಅವರು. ಕ್ವಾಂಟಮ್ ಗುಣಗಳು ಇನ್ನೊಂದರ ಸಂಬಂಧದಲ್ಲೇ ಅರ್ಥ ಪಡೆಯುತ್ತವೆ ಎಂದು 1996ರಿಂದ ವಾದಿಸುತ್ತಿರುವ ಭೌತವಿಜ್ಞಾನಿ ಕಾರ್ಲೋ ರೊವೆಲ್ಲಿ, ನಾಗಾರ್ಜುನರನ್ನು ಓದಿ ಬೆರಗಾಗಿ ಬರೆದಿದ್ದಾರೆ. ನಾಗಾರ್ಜುನರಿಗೆ ಎಲೆಕ್ಟ್ರಾನ್ ಗೊತ್ತಿತ್ತು ಎಂದು ಅವರು ಹೇಳುವುದಿಲ್ಲ. ಯೋಚಿಸುವ ದಾರಿಯೊಂದು ಸಿಕ್ಕಿತು ಎನ್ನುತ್ತಾರೆ. ನಾಗಾರ್ಜುನರ ಗುರಿ ದುಃಖದಿಂದ ಬಿಡುಗಡೆ. ಕಣಗಳ ಲೆಕ್ಕ ಅಲ್ಲ. ಅದನ್ನು ಮರೆತರೆ ಅವರಿಗೂ ಅನ್ಯಾಯ.

ನಿಮ್ಮಲ್ಲಿ ಕೇಳುವುದು ಇಷ್ಟು. ಚಿಕಿತ್ಸೆ ಕೊಡುವವರು ನಿಮ್ಮ ಫಲಕ, ಕರಪತ್ರಗಳಿಂದ ಕ್ವಾಂಟಮ್ ಎಂಬ ಹೆಸರನ್ನು ತೆಗೆಯಿರಿ. ಚಿಕಿತ್ಸೆಯಿಂದ ಎಷ್ಟು ಜನಕ್ಕೆ ಗುಣವಾಯಿತು, ಎಷ್ಟು ಜನಕ್ಕೆ ಆಗಲಿಲ್ಲ, ಅದನ್ನು ಪಡೆಯದವರ ಜೊತೆ ಹೋಲಿಸಿದರೆ ಏನು ಕಂಡಿತು ಎಂದು ಬರೆದಿಡಿ, ತೋರಿಸಿ. ಭಾಷಣ ಮಾಡುವವರು ಹೋಲಿಕೆಯನ್ನು ಹೋಲಿಕೆ ಎಂದೇ ಹೇಳಿ, ಇಸವಿಗಳನ್ನು ಸರಿಯಾಗಿ ಹೇಳಿ. ಪ್ರಶಸ್ತಪಾದರ ವಾದ, ರಘುನಾಥರ ಉತ್ತರ, ಬೋಸರ ಎಣಿಕೆ, ಮೂರನ್ನೂ ಒಂದೇ ಸಂಜೆ ಕೇಳುಗರ ಮುಂದಿಡಿ. ಅವರು ಬೇಸರಪಡುತ್ತಾರೆ ಎಂದು ನನಗೆ ಅನಿಸುವುದಿಲ್ಲ.

ಇದರಲ್ಲಿ ಯಾವ ಮಾತನ್ನು ಒಪ್ಪುವುದಿಲ್ಲ, ಯಾಕೆ ಎಂದು ಬರೆಯಿರಿ. ವಿದ್ವಾಂಸರ ನಡುವಿನ ಚರ್ಚೆಯಲ್ಲಿ ಎರಡು ಬಗೆ ಎಂದು ಚರಕಸಂಹಿತೆಯ ವಿಮಾನಸ್ಥಾನ ಹೇಳುತ್ತದೆ: ಸ್ನೇಹದಿಂದ ಕೂಡಿ ಮಾಡುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ಮಾಡುವ ವಿಗೃಹ್ಯ ಸಂಭಾಷೆ. ನಾನು ಕರೆಯುತ್ತಿರುವುದು ಮೊದಲನೆಯದಕ್ಕೆ.

ವಿಶ್ವಾಸದಿಂದ,
ಎರಡನ್ನೂ ಪ್ರೀತಿಯಿಂದ ಓದುವ ಒಬ್ಬ ಓದುಗ